ಎಡಗೆನ್ನೆಯ ಸುಳ್ಳು

ಅರ್ಧ ದಾರಿಯಲ್ಲಿ ನಾನು ಬಸ್ಸಿನಿಂದ ಇಳಿಸಿದ ಗಂಡಸರು ಕಮ್ಮಿಯೇನಿಲ್ಲ. ಕುಡಿದು ತೂರಾಡಿದವರು, ರಶ್ಶಿನಲ್ಲಿ ಹುಡುಗಿಯರಿಗೆ ಮೈ ತಾಗಿಸಿದವರು, ಕಿಟಕಿಯಿಂದ ಎಲೆ ಅಡಿಕೆ ಉಗಿದು ಹಿಂದಿನ ಸೀಟಿನವರ ಮುಖ ತೊಳೆದವರು ಎಲ್ಲರೂ ಇದ್ದಾರೆ. ಆದರೆ ‘ಮೇಡಂ, ಸ್ವಲ್ಪ ಹಲ್ಲು ತೋರಿಸಿ’ ಎಂದು ಕೇಳಿ ಇಳಿಸಿಕೊಂಡ ಪುಣ್ಯಾತ್ಮ ಒಬ್ಬನೇ. ಈಗ ಹೇಳಹೊರಟಿರುವುದು ಅವನ ವಿಷಯವನ್ನೇ.

ನಾನು ಪ್ರತಿಭಾ. ಕೊಣನೂರಿನವಳು, ಸರ್ಕಾರಿ ಬಸ್ಸಿನ ಕಂಡಕ್ಟರ್. ಕೊಣನೂರಿನಿಂದ ಅರಕಲಗೂಡು ಮೇಲೆ ಹಾಸನಕ್ಕೆ ಹೋಗುವ ಬೆಳಗಿನ ಬಸ್ಸು ನನ್ನದು. ನನ್ನ ಬಾಯಿ ಜೋರು ಎಂದು ಡಿಪೋದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರು ಮೆತ್ತನೆಯ ಬಾಯಿ ಇಟ್ಟುಕೊಂಡು ಆ ರೂಟಿನಲ್ಲಿ ಒಂದು ದಿನ ಟಿಕೆಟ್ ಕೊಟ್ಟು ತೋರಿಸಲಿ, ಆಮೇಲೆ ಮಾತಾಡೋಣ.

ಆ ದಿನ ಬೆಳಗ್ಗೆಯಿಂದಲೇ ಎಲ್ಲ ಎಡವಟ್ಟು. ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನಾಗಿ ಜಾರಿತು. ಕಾಫಿ ಯೂನಿಫಾರ್ಮಿನ ಮೇಲೆ ತೊಟ್ಟಿಕ್ಕಿತು. ಕಿವಿಯ ಹಿಂದೆ ಸಣ್ಣ ನೋವು ಬೇರೆ. ಹಿಂದಿನ ಸಂಜೆ ಕಿಟಕಿ ಪಕ್ಕ ಕೂತು ಬಂದ ತಣ್ಣನೆ ಗಾಳಿಯ ಕಾಟ ಇರಬೇಕು ಎಂದುಕೊಂಡು, ಕನ್ನಡಿಯನ್ನೂ ನೋಡದೆ ಜಡೆ ಹೆಣೆದುಕೊಂಡು ಓಡಿದೆ.

ಬಸ್ಸು ತುಂಬಿ ತುಳುಕುತ್ತಿತ್ತು. ಫ್ರೀ ಟಿಕೆಟ್ ಬಂದ ಮೇಲೆ ನಮ್ಮ ಕಡೆಯ ಹೆಂಗಸರು ಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದಾರೆ. ಆಧಾರ್ ನೋಡಿ, ಟಿಕೆಟ್ ಹೊಡೆದು, ಜನರನ್ನು ಒಳಕ್ಕೆ ತಳ್ಳಿ, ಅರಕಲಗೂಡಿನಲ್ಲಿ ಇನ್ನಷ್ಟು ಜನ ಹತ್ತಿದ ಮೇಲೆ ಸೀಟಿ ಬಾಯಿಗಿಟ್ಟು ಊದಿದೆ. ‘ಫುಸ್’ ಅಂತು. ಇನ್ನೊಮ್ಮೆ ಊದಿದೆ. ಮತ್ತೆ ಫುಸ್. ಬೈದುಕೊಂಡು “ರೈಟ್ ರೈಟ್” ಎಂದು ಕೂಗಿದೆ.

ಅಷ್ಟರಲ್ಲಿ ಒಬ್ಬ ನನ್ನನ್ನೇ ನೋಡುತ್ತಿರುವುದು ಗೊತ್ತಾಯಿತು.

ನೋಡುವ ಗಂಡಸರು ನನಗೆ ಹೊಸಬರಲ್ಲ. ಕದ್ದು ನೋಡುವವರು, ನೋಡಿ ಕಿಟಕಿಯ ಕಡೆ ತಿರುಗುವವರು, ಚಿಲ್ಲರೆ ಇಸಿದುಕೊಳ್ಳುವ ನೆಪದಲ್ಲಿ ನೋಡುವವರು. ಇವನದು ಯಾವ ಜಾತಿಗೂ ಸೇರದ ನೋಟ. ಬಿಳಿ ಶರ್ಟು, ತೊಡೆಯ ಮೇಲೊಂದು ಬ್ಯಾಗು, ನೋಡಲು ಲಕ್ಷಣವಾಗಿಯೇ ಇದ್ದ. ಆದರೆ ಹಣೆ ನೋಡಿದ, ಕಣ್ಣು ನೋಡಿದ, ತುಟಿ ನೋಡಿದ, ವಾಪಸ್ ಹಣೆಗೆ ಹೋದ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರು ಹೀಗೇ ನೋಡುತ್ತಾರೆ.

ಟಿಕೆಟ್ ಕೊಡಲು ಹತ್ತಿರ ಹೋದೆ. ಅವನು ದನಿ ತಗ್ಗಿಸಿ, “ಮೇಡಂ, ಒಂದ್ನಿಮಿಷ. ಹುಬ್ಬು ಎರಡೂ ಮೇಲೆತ್ತಿ ನೋಡೋಣ” ಎಂದ.

“ಏನಂದ್ರಿ?”

“ಕೋಪ ಮಾಡ್ಕೋಬೇಡಿ. ಕಣ್ಣು ಗಟ್ಟಿಯಾಗಿ ಮುಚ್ಚಿ. ಆಮೇಲೆ ಸ್ವಲ್ಪ ಹಲ್ಲು ತೋರಿಸಿ.”

ಅವನು ತಗ್ಗಿಸಿದ ದನಿ ಯಾಕೋ ಬಸ್ಸಿಗೆಲ್ಲ ಕೇಳಿಸಿತು. ಹೆಂಗಸರೆಲ್ಲ ಒಟ್ಟಿಗೇ ತಿರುಗಿದರು. ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ಬಸ್ ನಿಲ್ಲಿಸಲು ಸೀಟಿ ಎತ್ತಿ ಊದಿದರೆ, ದರಿದ್ರ, ಮತ್ತೆ ಫುಸ್.

“ನೋಡಿ, ಅದೇ!” ಎಂದ, ಏನೋ ನಿಧಿ ಸಿಕ್ಕವನ ಹಾಗೆ. “ಗಾಳಿ ಎಡಗಡೆಯಿಂದ ಸೋರ್ತಾ ಇದೆ.”

“ನಿನ್ ಗಾಳಿ ನಾನ್ ತೆಗೀತೀನಿ, ಇಳಿ ಕೆಳಕ್ಕೆ! ಕಾಂತಣ್ಣಾ, ಓಲ್ಡಾನ್!”

ನಮ್ಮ ಡ್ರೈವರ್ ಕಾಂತರಾಜು ಬ್ರೇಕ್ ಒತ್ತಿದ. ದಾರಿ ಕವಲೊಡೆಯುವ, ಸುತ್ತ ಒಂದು ಮನೆಯೂ ಇಲ್ಲದ ಹ್ಯಾಂಡ್‌ಪೋಸ್ಟು. ನುಗ್ಗೆಕಾಯಿ ಕಟ್ಟು ಹಿಡಿದಿದ್ದ ಹೆಂಗಸೊಬ್ಬಳು, “ಇಳ್ಸವ್ವ, ಇಂತೋರ್ನ ಬುಡಬ್ಯಾಡ” ಎಂದು ಅದೇ ಕಟ್ಟಿನಿಂದ ಅವನ ಬೆನ್ನಿಗೆ ದಾರಿ ತೋರಿಸಿದಳು. ಅವನು ಜಗಳ ಆಡಲಿಲ್ಲ. ಇಳಿದು, ಹೊರಟ ಬಸ್ಸಿನ ಪಕ್ಕದಲ್ಲೇ ಓಡುತ್ತಾ ಕೂಗಿದ. “ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಮೇಡಂ! ನರದ ಡಾಕ್ಟರನ್ನ ನೋಡಿ! ತಡ ಮಾಡ್ಬೇಡಿ!”

ಮುಂದಿನ ಸೀಟಿನಲ್ಲಿ ಲಕ್ಕಯ್ಯ ಎಂಬ ಮುದುಕ ಕೂತಿದ್ದ, ದಿನಾ ಬರುವ ಗಿರಾಕಿ. ಅವನು ಮೀಸೆ ಒರೆಸಿಕೊಂಡು ಮೆಲ್ಲಗೆ, “ಅವನ್ನ ಇಳಿಸ್ಬುಟ್ಟೆ, ಸರಿ ಕಣವ್ವ. ನನ್ಗ್ಯಾಕೆ ಅವಾಗ್ಲಿಂದ ಕಣ್ ಒಡೀತಾ ಇದೀಯ? ನಂಗೆ ಮೊಮ್ಮಕ್ಕಳವ್ರೆ” ಎಂದ.

ಬಸ್ಸೆಲ್ಲ ಗೊಳ್ಳೆಂದಿತು. ಕಾಂತಣ್ಣ ಮಾತ್ರ ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದವನು ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿಬಿಟ್ಟ.

“ಪ್ರತಿಭಾ, ಇಲ್ ಬಾರವ್ವ. ಈ ಕನ್ನಡೀಲಿ ಮುಖ ನೋಡ್ಕೊ.”

ನೋಡಿಕೊಂಡೆ. ಬಲಗಡೆ ನಾನಿದ್ದೆ. ಎಡಗಡೆಯ ಮುಖವನ್ನು ಯಾರೋ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗಿತ್ತು. ಹಣೆಯಲ್ಲಿ ಗೆರೆ ಇಲ್ಲ, ತುಟಿಯ ತುದಿ ಜೋತುಬಿದ್ದಿದೆ. ಕಣ್ಣು ಮಿಟುಕಿಸಿದರೆ ಬಲಗಣ್ಣು ಮುಚ್ಚುತ್ತದೆ, ಎಡಗಣ್ಣು ಬಿಟ್ಟದ್ದು ಬಿಟ್ಟಂತೆಯೇ ಇರುತ್ತದೆ. ಬೆಳಗ್ಗೆಯಿಂದ ಕೊಣನೂರಿನ ಅರ್ಧ ಗಂಡಸರಿಗೆ ನಾನು ಕಣ್ಣು ಹೊಡೆದಿದ್ದೆ!

“ಲಕ್ವ ಒಡದೈತೆ” ಎಂದು ಯಾರೋ ಅಂದರು. ಇಪ್ಪತ್ತೇಳು ವರ್ಷಕ್ಕೆ ಲಕ್ವವೇ? ಬಸ್ಸಿನಲ್ಲಿದ್ದವರೆಲ್ಲ ವೈದ್ಯರಾದರು. ಒಬ್ಬಳು ದಾರ ಕಟ್ಟಿಸು ಎಂದಳು, ಒಬ್ಬಳು ಮೆಣಸು ಅರೆದು ಹಚ್ಚು ಎಂದಳು. ಅಮ್ಮನಿಗೆ ಫೋನ್ ಮಾಡಿದರೆ ಅಮ್ಮನದೂ ಅದೇ ರಾಗ. “ಜಾಕಾಯಿ ಕೆನ್ನೇಲಿ ಇಟ್ಕೊಂಡ್ರೆ ಬಾಯಿ ನೆಟ್ಟಗಾಯ್ತದೆ ಕಣೆ. ಮೊದ್ಲು ಮನೆಗ್ ಬಾ, ಯಾರ್ಗೂ ಮುಖ ತೋರಿಸ್ಬ್ಯಾಡ.”

ಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿ ಕೂರಬೇಕೆಂದೇ ಅನಿಸಿತು. ಆದರೆ ಆ ಬಿಳಿ ಶರ್ಟಿನವನ ಕೂಗು ಕಿವಿ ಬಿಟ್ಟು ಹೋಗಲಿಲ್ಲ. ನಡುದಾರಿಯಲ್ಲಿ ಇಳಿಸಿದವಳಿಗೆ ಯಾರಾದರೂ ಶಾಪ ಹಾಕುತ್ತಾರೆ. ಇವನು ಓಡಿಬಂದು ‘ತಡ ಮಾಡ್ಬೇಡಿ’ ಎಂದ. ಹಾಸನ ತಲುಪಿದ ಕೂಡಲೇ ಡಿಪೋಗೆ ತಿಳಿಸಿ ದೊಡ್ಡಾಸ್ಪತ್ರೆಗೆ ಹೋದೆ.

ನರದ ಡಾಕ್ಟರು ವಯಸ್ಸಾದ ಹೆಂಗಸು. ನನ್ನಿಂದ ಹುಬ್ಬು ಎತ್ತಿಸಿದರು, ಕಣ್ಣು ಮುಚ್ಚಿಸಿದರು, ಹಲ್ಲು ತೋರಿಸಲು ಹೇಳಿದರು. ನನಗೆ ನೆಲ ಬಿರಿಯಬಾರದೇ ಎನಿಸಿತು.

“ಮಿದುಳಿಗೆ ಏನೂ ಆಗಿಲ್ಲಮ್ಮ. ಸ್ಟ್ರೋಕ್ ಆಗಿದ್ರೆ ಸಾಮಾನ್ಯವಾಗಿ ಹಣೆ ಅಲ್ಲಾಡ್ತಾ ಇರುತ್ತೆ. ನಿಮಗೆ ಹಣೆಯೂ ನಿಂತಿದೆ. ಮುಖದ ನರ ಕಿವಿ ಹಿಂದೆ ಮೂಳೆಯ ಸಣ್ಣ ಸುರಂಗದಲ್ಲಿ ಬರುತ್ತೆ, ಅದು ಊದಿಕೊಂಡು ಅಲ್ಲೇ ಸಿಕ್ಕಿಹಾಕ್ಕೊಂಡಿದೆ. ಬೆಲ್ಸ್ ಪಾಲ್ಸಿ ಅಂತಾರೆ. ಇವತ್ತೇ ಬಂದಿದ್ದು ಒಳ್ಳೇದಾಯ್ತು. ಮಾತ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೇದು. ಬಹಳ ಜನಕ್ಕೆ ಪೂರ್ತಿ ವಾಸಿಯಾಗುತ್ತೆ.”

“ಬಹಳ ಜನಕ್ಕೆ ಅಂದ್ರೆ? ಎಲ್ಲಾರ್ಗೂ ಇಲ್ವಾ?”

“ಎಲ್ಲಾರ್ಗೂ ಅಂತ ನಾನು ಸುಳ್ಳು ಹೇಳಲ್ಲ” ಎಂದು ಬೆನ್ನು ತಟ್ಟಿದರು. ಕಣ್ಣಿಗೆ ಹನಿ, ಮಲಗುವಾಗ ಕಣ್ಣು ಮುಚ್ಚಿ ಅಂಟಿಸಲು ಟೇಪು ಬರೆದುಕೊಟ್ಟರು. “ಫಿಸಿಯೋ ರೂಮಿಗೆ ಹೋಗಿ. ವಿಮಲ್ ಅಂತ ಇದಾರೆ, ವ್ಯಾಯಾಮ ಹೇಳ್ಕೊಡ್ತಾರೆ.”

ಬಾಗಿಲು ತಳ್ಳಿದೆ. ಒಬ್ಬ ಬಗ್ಗಿ ಕೂತು ಶೂ ಮೇಲಿನ ಕೆಂಪು ಧೂಳು ಒರೆಸುತ್ತಿದ್ದ. ತಲೆ ಎತ್ತಿದ. ಅದೇ ಬಿಳಿ ಶರ್ಟು, ಮೇಲೊಂದು ಏಪ್ರನ್ನು.

ಓಡಿಹೋಗಲು ತಿರುಗಿದೆ. ಅವನು ನಕ್ಕುಬಿಟ್ಟ. ಗೇಲಿಯ ನಗುವಲ್ಲ, ಕಳೆದುಹೋಗಿದ್ದ ಸಾಮಾನು ಸಿಕ್ಕಾಗ ಬರುತ್ತದಲ್ಲ, ಆ ನಗು.

“ಬಂದ್ರಲ್ಲ, ಸದ್ಯ! ಹಾಲಿನ ವ್ಯಾನ್ ಹತ್ಕೊಂಡು ಬಂದೆ. ದಾರಿಯುದ್ದಕ್ಕೂ ಅದೇ ಯೋಚನೆ, ನೀವು ಬರ್ತೀರೋ, ಜಾಕಾಯಿ ಇಟ್ಕೊಂಡು ಮನೇಲಿ ಕೂರ್ತೀರೋ ಅಂತ. ಕೂತ್ಕೊಳ್ಳಿ ಮೇಡಂ. ಈಗಲಾದ್ರೂ ಹಲ್ಲು ತೋರಿಸ್ತೀರಾ?”

ಅಳು ಬಂತು, ನಗುವೂ ಬಂತು. ಎರಡೂ ಮುಖದ ಒಂದೇ ಕಡೆ ಬಂದವು.

* * *

ಕರೆಂಟ್ ಕೊಡುತ್ತಾರೆ ಎಂದು ಹೆದರಿದ್ದೆ. “ಕರೆಂಟ್ ಬೇಡ, ಕನ್ನಡಿ ಸಾಕು” ಎಂದ ವಿಮಲ್. ಎದುರಿಗೆ ‘ನೀವು, ಸಾರ್’ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಅವನು ಯಾವತ್ತು ‘ಅವನು’ ಆದನೋ ನನಗೇ ಗೊತ್ತಿಲ್ಲ.

ಮೇಜಿನ ಮೇಲೊಂದು ಕನ್ನಡಿ. ಅದರೆದುರು ನಾನು, ನನ್ನ ಪಕ್ಕದಲ್ಲಿ ಅವನು. ಕೆನ್ನೆಯ ಮೇಲೆ ಎರಡು ಬೆರಳಿಟ್ಟು, ತುಟಿಯ ತುದಿಯಿಂದ ಕಿವಿಯ ಕಡೆಗೆ ನಿಧಾನವಾಗಿ ಒತ್ತಿ ತೋರಿಸುತ್ತಿದ್ದ. “ಜೋರಾಗಿ ಎಳೀಬೇಡಿ. ನರ ನಿದ್ದೆ ಮಾಡ್ತಾ ಇದೆ. ಮಗೂನ ಎಬ್ಬಿಸೋ ಹಾಗೆ ಎಬ್ಬಿಸ್ಬೇಕು.”

ಆಮೇಲೆ ‘ಆ, ಈ, ಊ’. ಆಮೇಲೆ ಕೆನ್ನೆ ಉಬ್ಬಿಸುವುದು, ಮೂಗು ಸೊಟ್ಟ ಮಾಡುವುದು. ನನಗೆ ನಾಚಿಕೆ ಆಗಬಾರದೆಂದು ಅವನೂ ಜೊತೆಗೆ ಮಾಡುತ್ತಿದ್ದ. ಆಸ್ಪತ್ರೆಯ ಏಪ್ರನ್ ಹಾಕಿಕೊಂಡ ಗಂಡಸು ಕೆನ್ನೆ ಉಬ್ಬಿಸಿ ಕಪ್ಪೆಯಂತೆ ಕೂತರೆ ಯಾರಿಗೆ ನಗು ಬರುವುದಿಲ್ಲ? ನಕ್ಕರೆ ಕನ್ನಡಿಯಲ್ಲಿ ಅರ್ಧ ಮುಖವೇ ನಗುತ್ತಿತ್ತು. ಅದನ್ನು ಕಂಡ ತಕ್ಷಣ ಬಾಯಿಗೆ ಕೈ ಅಡ್ಡ ಇಡುತ್ತಿದ್ದೆ.

“ಕೈ ತೆಗೀರಿ. ಈ ರೂಮಲ್ಲಿ ನಾಚಿಕೆ ನಿಷೇಧ.”

“ಎಲ್ ಬರ್ದಿದೆ?”

“ನಾಳೆ ಬರೆಸಿ ಹಾಕ್ತೀನಿ.”

ಕನ್ನಡಿಯಲ್ಲಿ ನಮ್ಮ ಕಣ್ಣುಗಳು ಕೂಡುತ್ತಿದ್ದವು. ನೇರ ನೋಡಿದರೆ ಬಿಡಿಸಿಕೊಂಡು ಪಕ್ಕಕ್ಕೆ ನೋಡಬಹುದು, ಕನ್ನಡಿಯಲ್ಲಿ ಎಲ್ಲಿ ನೋಡಿದರೂ ಅವನೇ. ಅಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳು ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಾರೆ. ನನಗೆ ಆ ಸೌಭಾಗ್ಯವೂ ಇರಲಿಲ್ಲ. ಬಲಗಣ್ಣು ನಾಚಿಕೊಂಡು ಮುಚ್ಚಿದರೆ ಎಡಗಣ್ಣು ಮಾನ ಬಿಟ್ಟು ಅವನನ್ನೇ ನೋಡುತ್ತಿರುತ್ತಿತ್ತು.

ಅವನು ಚನ್ನರಾಯಪಟ್ಟಣ ತಾಲ್ಲೂಕಿನವನು, ಶ್ರವಣಬೆಳಗೊಳದ ಪಕ್ಕದ ಹಳ್ಳಿ, ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವನು. ಆ ದಿನ ಅರಕಲಗೂಡಿನಲ್ಲಿ ಪಾರ್ಶ್ವವಾಯುವಾದ ಅಜ್ಜಿಯೊಬ್ಬರಿಗೆ ವ್ಯಾಯಾಮ ಮಾಡಿಸಲು ಹೋಗಿದ್ದವನು ನನ್ನ ಬಸ್ ಹತ್ತಿದ್ದನಂತೆ. ಆಲೂಗಡ್ಡೆ ತಿನ್ನುವುದಿಲ್ಲ ಎಂದಾಗ ನನಗೆ ತಡೆಯಲಾಗಲಿಲ್ಲ.

“ಹಾಸನ ಜಿಲ್ಲೇಲಿ ಹುಟ್ಟಿ ಆಲೂಗಡ್ಡೆ ತಿನ್ನಲ್ವಾ? ನಿಮ್ಮನ್ನ ಜಿಲ್ಲೆಯಿಂದಾನೇ ಇಳಿಸ್ಬೇಕು ಸಾರ್.”

“ಇಳಿಸಿ. ನಿಮಗೆ ಅಭ್ಯಾಸ ಇದೆಯಲ್ಲ.”

ಹೀಗೆ ಮಾತು ಬೆಳೆಯುತ್ತಿತ್ತು. ಕೆಲಸಕ್ಕೆ ರಜೆ ಹಾಕಿ ಕೊಣನೂರಿನಿಂದ ಹಾಸನಕ್ಕೆ ನಮ್ಮದೇ ಬಸ್ಸಿನಲ್ಲಿ ಪ್ಯಾಸೆಂಜರ್ ಆಗಿ ಬರುತ್ತಿದ್ದೆ. ಆಸ್ಪತ್ರೆಗೆ ಹೋಗುವವಳು ಮಲ್ಲಿಗೆ ಮುಡಿದುಕೊಂಡು ಬರುವುದನ್ನು ನೋಡಿ ಕಾಂತಣ್ಣ ಕೆಮ್ಮುತ್ತಿದ್ದ. “ನರಕ್ಕೆ ವೂವ ಮುಡಿಯಾಕ್ ಏಳವ್ರಾ ಡಾಕ್ಟ್ರು?” ಎಂದು ಕೇಳಿದ ದಿನ ಅವನ ಜೊತೆ ಮಾತು ಬಿಟ್ಟೆ, ಅರಕಲಗೂಡು ಬರುವ ತನಕ.

ಹೌದು, ಪ್ರೀತಿಯಾಗಿತ್ತು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವನ ಬೆರಳು ಕೆನ್ನೆಗೆ ತಾಗಿದರೆ ಎಡಗಡೆ ಅಲ್ಲಾಡದಿದ್ದರೂ ಎದೆಯಲ್ಲಿ ಜಾತ್ರೆ. ಆದರೆ ಅವನು? ಕನ್ನಡಿಯಲ್ಲಿ ಅವನು ನೋಡುತ್ತಿದ್ದದ್ದು ನನ್ನನ್ನೋ, ನನ್ನ ನರವನ್ನೋ?

ಆ ಅನುಮಾನಕ್ಕೆ ಉತ್ತರ ಕೊಟ್ಟವಳು ವಾರ್ಡಿನ ಆಯಾ ಲಕ್ಕಮ್ಮ. ಒಂದು ದಿನ ಅವನಿಗೆಂದು ಮನೆಯಿಂದ ಕೋಡುಬಳೆ ಕಟ್ಟಿಕೊಂಡು ಹೋಗಿದ್ದೆ. ಅವಳು ಡಬ್ಬಿ ನೋಡಿ ತಲೆ ಆಡಿಸಿದಳು.

“ಮುಟ್ಟಾಕಿಲ್ಲ ಕಣವ್ವ ನಮ್ ವಿಮಲ್ ಸಾ. ಪೇಷಂಟ್ ಕೈಲಿ ಒಂದ್ ಲೋಟ ಕಾಪಿನೂ ಕುಡಿಯಾಕಿಲ್ಲ. ಅವ್ರದೊಂದು ನೇಮ. ವಾಸಿ ಆಯ್ತು ಅಂದ್ರೆ ಡಿಚ್ಚಾರ್ಜ್ ಬರ್ದು ಕಳುಸ್ಬುಡ್ತರೆ, ಆಮ್ಯಾಕೆ ತಿರುಗಿ ನೋಡಾಕಿಲ್ಲ.”

ಕೋಡುಬಳೆಯನ್ನು ಲಕ್ಕಮ್ಮನೇ ತಿಂದಳು.

* * *

ಒಂದು ಬೆಳಗ್ಗೆ ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿದೆ. ಎಡಗಣ್ಣು ಉರಿಯಲಿಲ್ಲ. ಕಣ್ಣು ಮುಚ್ಚಿದೆ ಎಂಬುದು ಹೊಳೆಯಲು ಒಂದು ಚೊಂಬು ನೀರು ಬೇಕಾಯಿತು.

ಒದ್ದೆ ಕೂದಲಿನಲ್ಲೇ ಕನ್ನಡಿಗೆ ಓಡಿದೆ. ಹುಬ್ಬು ಏರಿತು. ಕೆನ್ನೆ ಉಬ್ಬಿಸಿದರೆ ಗಾಳಿ ನಿಂತಿತು. ಗೂಟಕ್ಕೆ ನೇತುಹಾಕಿದ್ದ ಸೀಟಿ ಕಿತ್ತು ಊದಿದೆ, ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಅಮ್ಮ ಬಸವಲಿಂಗಮ್ಮ ಕೈಯಲ್ಲಿ ಸೌಟು ಹಿಡಿದು ಬಂದವಳು ನನ್ನ ಮುಖ ನೋಡಿ ಅಲ್ಲೇ ಕುಸಿದು ಕೂತಳು. “ನನ್ ಕಂದಾ, ನಿನ್ ಮುಖ ಬಂತಲ್ಲೇ, ನಿನ್ ಮುಖ ಬಂತಲ್ಲೇ” ಎಂದು ಸೌಟಿನ ಸಮೇತ ತಬ್ಬಿಕೊಂಡಳು. ಇಬ್ಬರೂ ಕುಣಿದೆವು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಆದದ್ದಿಲ್ಲ.

ಕುಣಿತ ಮುಗಿಯುವ ಮೊದಲೇ ಲಕ್ಕಮ್ಮನ ಮಾತು ನೆನಪಾಯಿತು. ವಾಸಿಯಾದರೆ ಡಿಸ್ಚಾರ್ಜ್. ಆಮೇಲೆ ತಿರುಗಿಯೂ ನೋಡುವುದಿಲ್ಲ.

ಮುಖ ಸಿಕ್ಕಿತು, ಅವನು ಹೋದ. ಇದ್ಯಾವ ಲೆಕ್ಕ ಶಿವನೇ?

ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಎಡತುಟಿಯನ್ನು ಇಳಿಬಿಟ್ಟೆ. ಒಂದು ದಿನ, ಒಂದೇ ದಿನ ಎಂದುಕೊಂಡೆ. ‘ಈ’ ಎನ್ನುವಾಗ ಅರ್ಧ ಬಾಯಿ, ಕೆನ್ನೆ ಉಬ್ಬಿಸುವಾಗ ಬೇಕೆಂದೇ ಫುಸ್. ಅವನ ಹುಬ್ಬು ಗಂಟಾಯಿತು. “ಇಷ್ಟು ಹೊತ್ತಿಗೆ ಚಲನೆ ಬರ್ಬೇಕಿತ್ತಲ್ಲ” ಎಂದು ನನ್ನ ಕೆನ್ನೆಗೆ ಇನ್ನಷ್ಟು ಹೊತ್ತು ಬೆರಳಿಟ್ಟ. ಪಾಪ ಎನಿಸಿತು. ಪಾಪ ಎನಿಸಿದರೂ ಹಿತವಾಗಿಯೇ ಇತ್ತು.

ಒಂದು ದಿನ ಎರಡಾಯಿತು. ಸುಳ್ಳು ಹೇಳಿದ ಬಾಯಿಗೆ ಸುಳ್ಳೇ ಅಭ್ಯಾಸವಾಗುತ್ತದಂತೆ, ನನ್ನದು ಕೆನ್ನೆಗೂ ಆಯಿತು. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ.

“ಮನೇಲಿ ನೆಟ್ಟಗಿರ್ತೀಯ, ಆದ್ರೂ ದಿನಾ ಆಸನದ ಆಸ್ಪತ್ರೆಗೆ ಓಯ್ತೀಯಲ್ಲೇ! ಏನ್ ರೋಗವೇ ಇದು?”

“ನರದ ರೋಗ ಕಣಮ್ಮ, ನಿಂಗೆ ಗೊತ್ತಾಗಲ್ಲ.”

“ನಿನ್ನ ಎತ್ತಿರೋಳು ನಾನು. ನಂಗೆ ಗೊತ್ತಾಯ್ತದೆ” ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮನಸ್ಸಿಗೆ ಸಮಾಧಾನ ಇರಲಿಲ್ಲ. ನನ್ನ ಕೆನ್ನೆ ಏಳಲಿಲ್ಲವೆಂದು ಅವನು ದಪ್ಪ ಪುಸ್ತಕ ತೆರೆದು ಕೂತಿರುವುದನ್ನು ಕಂಡಾಗ ಹೇಳಿಬಿಡಲೇ ಎನಿಸುತ್ತಿತ್ತು. ಹೇಳಿದರೆ ಇದೇ ಕೊನೆಯ ದಿನ. ನಾಳೆ ಹೇಳೋಣ ಎನ್ನುತ್ತಿದ್ದೆ.

ಕೊನೆಗೆ ಕೈ ಕೊಟ್ಟದ್ದು ನನ್ನ ಅವಸರವೇ. ಆ ದಿನ ಬಸ್ಸು ತಡವಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಓಡುತ್ತಾ ಬಂದವಳು, ಫಿಸಿಯೋ ರೂಮಿನ ಬಾಗಿಲಲ್ಲಿ ಏದುಸಿರು ಬಿಡುತ್ತಾ ಮುಖ ಸೊಟ್ಟ ಮಾಡಿಕೊಂಡು ಒಳಗೆ ನುಗ್ಗಿ ಕನ್ನಡಿಯೆದುರು ಕೂತೆ.

ವಿಮಲ್ ಬಂದು ಪಕ್ಕದಲ್ಲಿ ಕೂತ. ಕನ್ನಡಿಯಲ್ಲಿ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ.

“ಪ್ರತಿಭಾ ಅವ್ರೆ, ನಿಮ್ಮ ಪಾಲ್ಸಿ ಯಾವ ಕಡೆ?”

“ಎಡಗಡೆ ಸಾರ್” ಎಂದೆ, ಸಂಕಟದ ದನಿಯಲ್ಲಿ.

“ಮತ್ತೆ ಬಲಗಡೆ ಯಾಕೆ ಜೋತುಬಿದ್ದಿದೆ?”

ಕನ್ನಡಿ ನೋಡಿದೆ. ಎಡಗೆನ್ನೆ ಚಂದ್ರನ ಹಾಗೆ ಬೆಳಗುತ್ತಿತ್ತು. ಬಲತುಟಿ ಇಳಿಬಿದ್ದಿತ್ತು. ಅವಸರದಲ್ಲಿ ಕಡೆಯೇ ತಪ್ಪಿತ್ತು!

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಲಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ನಾನು ಮೆಲ್ಲಗೆ ಬಲತುಟಿಯನ್ನು ಮೇಲೆತ್ತಿದೆ. ಎಡದ್ದನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ಬಿಟ್ಟೆ.

ಅವನು ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಬೈದಿದ್ದರೂ ಎಷ್ಟೋ ವಾಸಿ, ಬೈಯಲಿಲ್ಲ. ಎದ್ದುಹೋಗಿ ಮೇಜಿನ ಹತ್ತಿರ ನಿಂತು ಏನೋ ಬರೆದ.

“ನೀವು ಪೂರ್ತಿ ವಾಸಿಯಾಗಿದ್ದೀರಿ. ಇನ್ನು ಬರೋ ಅಗತ್ಯ ಇಲ್ಲ. ಡಾಕ್ಟರ್ ಹತ್ರ ಸೈನ್ ಹಾಕಿಸ್ಕೊಂಡು ಬರ್ತೀನಿ, ಕೂತಿರಿ.”

ಅಷ್ಟೇ. ಬಸ್ಸಿನಲ್ಲಿ ‘ಮುಂದೆ ಹೋಗಿ’ ಎಂದು ನಾನು ಹೇಳುವಷ್ಟೇ ತಣ್ಣಗೆ ಹೇಳಿ ಹೊರಟುಹೋದ.

ನಾನು ಕಾಯುತ್ತಾ ಕೂರಲಿಲ್ಲ. ಎದ್ದೆ, ನಡೆದೆ, ಗೇಟು ದಾಟಿದ ಮೇಲೆ ಓಡಿದೆ.

* * *

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸುಗಳು ನಿಲ್ಲುವ ಕಡೆ ಕಲ್ಲು ಬೆಂಚಿನ ಮೇಲೆ ಕೂತು ಮುಖ ಒರೆಸಿಕೊಂಡೆ. ಪಕ್ಕದಲ್ಲಿ ಸೌತೆಕಾಯಿ ಮಾರುವವಳು ಕೇಳದೆಯೇ ಒಂದು ಹೋಳು ಉಪ್ಪು ಖಾರ ಹಚ್ಚಿ ಕೊಟ್ಟಳು. ಕಚ್ಚಿದೆ. ಎರಡು ದವಡೆಯಲ್ಲೂ ಚೆನ್ನಾಗಿ ಅಗಿಯಲು ಬಂತು. ಅದಕ್ಕೂ ಅಳು ಬಂತು.

“ಪ್ರತಿಭಾ!”

ತಲೆ ಎತ್ತಿದರೆ ವಿಮಲ್. ಏಪ್ರನ್ ಹಾಕಿಕೊಂಡೇ ಓಡಿಬಂದಿದ್ದಾನೆ, ಕೂದಲು ಕೆದರಿದೆ, ಕೈಯಲ್ಲಿ ಆ ಕಾಗದ. ಜನ ಯಾರಿಗೋ ಹಾರ್ಟ್ ಅಟ್ಯಾಕ್ ಆಗಿದೆಯೆಂದು ದಾರಿ ಬಿಡುತ್ತಿದ್ದಾರೆ. ‘ಪ್ರತಿಭಾ ಅವ್ರೆ’ ಅನ್ನಲಿಲ್ಲ, ಬರೀ ಪ್ರತಿಭಾ ಎಂದ. ಕೋಪದಲ್ಲಿದ್ದರೂ ಅದು ಕಿವಿಗೆ ಬಿತ್ತು.

“ಕೂತಿರಿ ಅಂದಿದ್ದೆ ತಾನೇ?”

“ಯಾಕ್ ಕೂರ್ಲಿ? ಇನ್ನು ಬರ್ಬೇಡಿ ಅಂದ್ರಲ್ಲ! ವಾಸಿಯಾದೋರ್ನ ನೀವು ತಿರುಗಿ ನೋಡಲ್ವಂತೆ. ಅದಕ್ಕೇ ಸುಳ್ಳು ಹೇಳ್ದೆ. ಹೌದ್ರೀ, ಹೇಳ್ದೆ! ನಂಗೆ ನೀವು ಬೇಕಾಗಿತ್ತು. ಕೆನ್ನೆ ಸರಿಹೋದ್ರೆ ನೀವು ಸಿಗಲ್ಲ ಅಂತ ಕೆನ್ನೆ ಸೊಟ್ಟ ಮಾಡ್ಕೊಂಡೆ. ಈಗ ಬೈದು ಹೋಗಿ.”

ಸೌತೆಕಾಯಿಯವಳು ಚಾಕು ಹಿಡಿದ ಕೈ ಹಾಗೇ ನಿಲ್ಲಿಸಿದಳು. ವಿಮಲನ ಮುಖ ನೋಡಬೇಕಿತ್ತು. ಊರಿನವರ ಮುಖವನ್ನೆಲ್ಲ ರಿಪೇರಿ ಮಾಡುವವನಿಗೆ ತನ್ನ ಮುಖವನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ತುಟಿ ನಡುಗಿತು, ಹುಬ್ಬು ಎಲ್ಲೋ ಹೋಯಿತು.

“ನೀವು ನನ್ನ ಪೇಷಂಟ್ ಆಗಿರೋವರೆಗೂ ನಾನು ಬಾಯಿ ಬಿಡೋ ಹಾಗಿರ್ಲಿಲ್ಲ” ಎಂದ ನಿಧಾನವಾಗಿ. “ಅದು ತಪ್ಪು. ಕಷ್ಟ ಅಂತ ನಮ್ಮ ಹತ್ರ ಬಂದೋರಿಗೆ ಹಂಗೆಲ್ಲ ಹೇಳ್ಬಾರ್ದು. ನಿಮ್ಮ ನರ ಯಾವಾಗ ಏಳುತ್ತೆ ಅಂತ ನಿಮಗಿಂತ ಜಾಸ್ತಿ ನಾನು ಕಾಯ್ತಿದ್ದೆ. ಏಳ್ತಾನೇ ಇಲ್ಲ ಅಂದ್ಕೊಂಡು ಎಷ್ಟು ಒದ್ದಾಡಿದೀನಿ ಗೊತ್ತಾ? ಡಿಸ್ಚಾರ್ಜ್‌ಗೆ ಸೈನ್ ಹಾಕಿಸಿ ವಾಪಸ್ ಬಂದು ಮಾತಾಡೋಣ ಅಂದ್ರೆ ನೀವು ರೂಮಲ್ಲೇ ಇಲ್ಲ.”

ಕಾಗದ ಚಾಚಿದ. ಡಾಕ್ಟರ ಸೈನು ಇನ್ನೂ ಒದ್ದೆಯಾಗಿತ್ತು.

“ಈಗ ನೀವು ಪೇಷಂಟ್ ಅಲ್ಲ. ಈಗ ಹೇಳ್ತೀನಿ. ನಂಗೆ ನೀವು ಇಷ್ಟ. ಮದುವೆ ಆಗ್ಬೇಕು ಅನ್ನೋಷ್ಟು.”

ನನ್ನ ಬಾಯಿ ಜೋರು ಎಂದೆನಲ್ಲ? ಆ ಬಾಯಿ ಪಿಸುಮಾತಿನಲ್ಲಿ ಕೇಳಿದ್ದು ಇದು. “ನಾವ್ ಬೇರೆ, ನೀವ್ ಬೇರೆ. ನಿಮ್ಮನೇಲಿ ಒಪ್ತಾರಾ?”

“ಅಮ್ಮನಿಗೆ ಹೇಳಾಯ್ತು.”

“ನನ್ನ ಕೇಳ್ದೇನೇ?”

“ನಿಮ್ಮನ್ನ ಕೇಳೋ ಹಾಗಿರ್ಲಿಲ್ಲವಲ್ಲ! ಹೋದ ವಾರ ಊರಿಗೆ ಹೋದಾಗ ಹೇಳ್ದೆ. ಜಾತಿ ಕೇಳಿದ್ರು, ಹೇಳ್ದೆ. ಒಂದು ಹೊತ್ತು ಊಟ ಬಿಟ್ರು. ಮಾರನೇ ದಿನ ಬೆಳಗ್ಗೆ ಬಸದಿಗೆ ಹೋಗಿ ಬಂದು, ಕೂತ್ಕೊಂಡು ಒಂದೇ ಮಾತು ಕೇಳಿದ್ರು. ‘ಆ ಹುಡುಗಿ ನಕ್ರೆ ಹೆಂಗಿರ್ತಾಳೆ ವಿಮಲಾ?’ ಅಂತ.”

“ನೀವೇನಂದ್ರಿ?”

“ನಿಮ್ಮ ಮುಖದ ಒಂದೊಂದು ಸ್ನಾಯುವಿನ ಹೆಸರೂ ನಂಗೆ ಗೊತ್ತು ಪ್ರತಿಭಾ. ನಿಮ್ಮ ನಗು ಮಾತ್ರ ನೋಡಿಲ್ಲ. ಒಂದು ದಿನಾನೂ, ಪೂರ್ತಿ, ನೋಡೇ ಇಲ್ಲ. ಅಮ್ಮನಿಗೆ ಅದನ್ನೇ ಹೇಳ್ದೆ.”

ಅಮ್ಮ ನೋಡಿದ್ದಳು, ಕಾಂತಣ್ಣ ನೋಡಿದ್ದ, ಬೀದಿಯ ನಾಯಿಗಳೂ ನೋಡಿದ್ದವು. ಆ ನಗುವಿಗಾಗಿ ಹಗಲೆಲ್ಲ ಕಪ್ಪೆಯಂತೆ ಕೆನ್ನೆ ಉಬ್ಬಿಸಿ ಕೂತವನು ಅವನು. ಅವನೊಬ್ಬನಿಂದಲೇ ನಾನು ಅದನ್ನು ಬಚ್ಚಿಟ್ಟಿದ್ದೆ.

ನಗಬೇಕೆಂದುಕೊಂಡೆ. ನಗು ಎಂದರೆ ಬಂದುಬಿಡುತ್ತದೆಯೇ? ಕಣ್ಣೀರು ಬಂತು, ಬಿಕ್ಕು ಬಂತು, ಬಾಯಲ್ಲಿದ್ದ ಸೌತೆಕಾಯಿಯ ಖಾರ ನೆತ್ತಿಗೇರಿ ಕೆಮ್ಮೂ ಬಂತು. ವಿಮಲ್ ಗಾಬರಿಯಾಗಿ ನೀರಿಗೆ ಹುಡುಕಾಡಿದ. ಅಷ್ಟರಲ್ಲಿ ಕಾಂತಣ್ಣ ಬಂದ.

“ಏನ್ ಸಾ, ನಮ್ ಉಡ್ಗೀನ ಅಳುಸ್ತಾ ಇದೀರಲ್ಲ! ಕೊಣನೂರ್ ತಂಕ ಇವಳು ಇಂಗೇ ಅತ್ಕೊಂಡು ಬಂದ್ರೆ ನಾನ್ ವೈಪರ್ ಆಕ್ಕೊಂಡು ಬಸ್ ಓಡುಸ್ಬೇಕಾಯ್ತದೆ.”

ನಕ್ಕುಬಿಟ್ಟೆ. ಕೈ ಅಡ್ಡ ಇಡದೆ, ಹಲ್ಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣೀರಿನ ಸಮೇತ ನಕ್ಕೆ. ಸೌತೆಕಾಯಿಯವಳೂ ನಕ್ಕಳು. ಕಾಂತಣ್ಣನಿಗೆ ತಾನೇನು ಹೇಳಿದೆನೆಂದೇ ಗೊತ್ತಾಗದೆ ಅವನೂ ನಕ್ಕ.

ವಿಮಲ್ ಮಾತ್ರ ನಗಲಿಲ್ಲ. ನೋಡುತ್ತಾ ನಿಂತ. ಅವನ ಕಣ್ಣು ತುಂಬಿತ್ತು.

ಆಮೇಲೆ ಜೇಬಿನಿಂದ ಫೋನ್ ತೆಗೆದು ಊರಿಗೆ ಹಚ್ಚಿದ. “ಅಮ್ಮಾ, ಈಗ ನೋಡ್ದೆ” ಎಂದ. ಆ ಕಡೆಯಿಂದ ಏನೋ ಕೇಳಿದರು. ಅವನು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟ.

ಸೆರಗಿನಿಂದ ಮುಖ ಒರೆಸಿಕೊಂಡು ಫೋನ್ ಕಿವಿಗಿಟ್ಟುಕೊಂಡೆ.

“ನಮಸ್ಕಾರ ಅಮ್ಮ. ನಾನು ಪ್ರತಿಭಾ” ಎಂದೆ.